ಬಸುರಿಯ ಪಥ್ಯ ಮನೆಮಂದಿಗೆಲ್ಲ ಬೇಕೆ?

ಮನೆಯ ಹೆಣ್ಣುಮಗಳು ಬಸುರಿ ಎಂಬ ಸುದ್ದಿ ಹಬ್ಬುತ್ತಿದ್ದಂತೆ ಅವಳ ಕೈಗೆ ಎರಡು ಪಟ್ಟಿಗಳು ಬರುತ್ತವೆ. ಒಂದು ಅಮ್ಮ, ಅತ್ತೆ, ಪಕ್ಕದ ಮನೆಯವರು ಬಾಯಲ್ಲೇ ಒಪ್ಪಿಸುವುದು: ಪರಂಗಿ ಹಣ್ಣು ಬೇಡ, ಅನಾನಸ್ ಬೇಡ, ಎಳ್ಳು ಉಷ್ಣ, ಬದನೆ ನಂಜು. ಇನ್ನೊಂದು ಫೋನಿನಲ್ಲಿ ಬರುವುದು: ಮೆತ್ತನೆಯ ಚೀಸ್ ಬೇಡ, ಅರೆಬೆಂದ ಮೊಟ್ಟೆ ಬೇಡ, ದೊಡ್ಡ ಮೀನು ಬೇಡ, ಲಿವರ್ ಬೇಡ, ಕಾಫಿಗೆ ಕಡಿವಾಣ ಇರಲಿ. ಎರಡನ್ನೂ ಪಾಲಿಸಹೊರಟರೆ ಎಲೆಯ ಮೇಲೆ ಅನ್ನ ಸಾರು ಬಿಟ್ಟು ಹೆಚ್ಚೇನೂ ಉಳಿಯದು. ಪಕ್ಕದಲ್ಲೇ ಕೂತು ಅದನ್ನೆಲ್ಲ ಸೊಗಸಾಗಿ ತಿನ್ನುತ್ತಿರುವ ಗಂಡನಿಗೆ ಆಗ ಒಂದು ಅನುಮಾನ ಬಂದರೆ ತಪ್ಪಲ್ಲ. ಅವಳಿಗೆ ಅಪಾಯವಾದದ್ದು ನನಗೆ ಹೇಗೆ ಅಪಾಯವಲ್ಲ? ಅಷ್ಟು ಎಚ್ಚರಿಕೆ ಒಳ್ಳೆಯದೇ ಆದರೆ ಎಲ್ಲರೂ ಯಾಕೆ ಪಾಲಿಸಬಾರದು?

ಕೇಳಬೇಕಾದ ಪ್ರಶ್ನೆಯೇ. ಆದರೆ ಇಡೀ ಪಟ್ಟಿಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ. ಒಂದೊಂದು ‘ಬೇಡ’ವನ್ನೂ ಹಿಡಿದು ವಿಚಾರಿಸಬೇಕು: ಕೇಡು ಇರುವುದು ತಿನಿಸಿನಲ್ಲೋ, ತಿನ್ನುವವರ ಮೈಯ ಸ್ಥಿತಿಯಲ್ಲೋ? ಹಾಗೆ ವಿಚಾರಿಸುತ್ತ ಹೋದರೆ ಇನ್ನೊಂದು ಸಂಗತಿಯೂ ಎದುರಾಗುತ್ತದೆ. ಬಸಿರಿಗೆಂದೇ ಮಾಡಿದ ಕೆಲವು ಮುಖ್ಯ ನಿಯಮಗಳನ್ನು ಬಸುರಿಯಾದ ಮೇಲೆ ಶುರುಮಾಡಿದರೆ ತಡವಾಗಿಬಿಟ್ಟಿರುತ್ತದೆ.

ಫೋನಿನ ಪಟ್ಟಿಯ ಅರ್ಧಭಾಗ ನಿಂತಿರುವುದು ಲಿಸ್ಟೀರಿಯಾ ಎಂಬ ಒಂದು ಬ್ಯಾಕ್ಟೀರಿಯಾದ ಭಯದ ಮೇಲೆ. 1926ರಲ್ಲಿ ಕೇಂಬ್ರಿಜ್‌ನ ಪ್ರಯೋಗಾಲಯದ ಮೊಲಗಳಲ್ಲಿ ಇದನ್ನು ಗುರುತಿಸಿದ್ದರೂ ಊಟದ ಮೂಲಕ ಮನುಷ್ಯರಿಗೆ ಬರುತ್ತದೆ ಎಂದು ಖಚಿತವಾಗಲು 1981 ಬೇಕಾಯಿತು. ಆ ವರ್ಷ ಕೆನಡಾದ ನೋವಾ ಸ್ಕೋಷಿಯಾದಲ್ಲಿ 41 ಮಂದಿಗೆ ಕಾಯಿಲೆ ಬಂತು. ಅದರಲ್ಲಿ 34 ಪ್ರಕರಣಗಳು ಬಸುರಿಯರು ಮತ್ತು ಹಸುಗೂಸುಗಳವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಹಸಿ ಎಲೆಕೋಸಿನ ಸಲಾಡ್. ಕೋಸು ಬೆಳೆದ ಹೊಲಕ್ಕೆ ಕುರಿಗೊಬ್ಬರ ಹಾಕಿದ್ದರು, ಆ ಮಂದೆಯ ಕುರಿಗಳು ಇದೇ ರೋಗದಿಂದ ಸತ್ತಿದ್ದವು, ಕೊಯ್ದ ಕೋಸನ್ನು ಚಳಿಗಾಲವಿಡೀ ತಂಪು ಗೋದಾಮಿನಲ್ಲಿ ಇಟ್ಟಿದ್ದರು. ಆ ತಂಪೇ ಮುಳುವಾಯಿತು. ಬೇರೆ ಬ್ಯಾಕ್ಟೀರಿಯಾಗಳನ್ನು ಮಲಗಿಸುವ ಫ್ರಿಜ್ಜಿನ ಚಳಿಯಲ್ಲಿ ಲಿಸ್ಟೀರಿಯಾ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. 1985ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕೋ ಮಾದರಿಯ ಮೆತ್ತನೆ ಚೀಸ್ ತಿಂದು 142 ಮಂದಿಗೆ ಸೋಂಕು ತಗುಲಿ, ಗರ್ಭದಲ್ಲೇ ಹೋದ ಮಕ್ಕಳೂ ಸೇರಿ 48 ಜೀವಗಳು ಹೋದವು. ಚೀಸ್ ಬೇಡ ಎಂಬ ಮಾತಿಗೆ ತೂಕ ಬಂದದ್ದು ಇಂಥ ಪ್ರಕರಣಗಳಿಂದ.

ಬಸುರಿಯಲ್ಲೇ ಇದು ಯಾಕೆ ಇಷ್ಟು ಹಾವಳಿ ಮಾಡುತ್ತದೆ? ಗರ್ಭದ ಕೂಸಿನ ಅರ್ಧ ಅಂಶ ತಂದೆಯದು, ಅಂದರೆ ತಾಯಿಯ ಮೈಗೆ ಪರಕೀಯ. ಅದನ್ನು ಹೊರದೂಡದೆ ಇಟ್ಟುಕೊಳ್ಳಲು ಮೈ ತನ್ನ ಕಾವಲನ್ನು ಹೊಂದಿಸಿಕೊಂಡಿರುತ್ತದೆ. ಜೀವಕೋಶದಿಂದ ಜೀವಕೋಶಕ್ಕೆ ನೇರ ನುಸುಳಿ ಮಾಸನ್ನು ದಾಟಬಲ್ಲ ಲಿಸ್ಟೀರಿಯಾಗೆ ಅಷ್ಟು ಸಾಕು. ಉಳಿದವರಿಗಿಂತ ಬಸುರಿಯರಿಗೆ ಇದು ತಗಲುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚು ಎಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ಹೇಳುತ್ತದೆ. ತಾಯಿಗೆ ಬರುವುದು ಸಣ್ಣ ಜ್ವರ, ಮೈಕೈ ನೋವು, ಕಳೆದುಕೊಳ್ಳುವುದು ಮಗುವನ್ನು. ಗಟ್ಟಿಮುಟ್ಟಾದ ಮೂವತ್ತರ ಗಂಡಸು ಅದೇ ಚೀಸ್ ತಿಂದರೆ ಬಹುಪಾಲು ಏನೂ ಆಗುವುದಿಲ್ಲ, ಆದರೂ ಎರಡು ದಿನ ಹೊಟ್ಟೆ ಕೆಡಬಹುದು. ಅವನು ಚೀಸ್ ಬಿಡಬೇಕಿಲ್ಲ.

ಆದರೆ ಅವನ ಅಪ್ಪ? ಇಲ್ಲಿ ‘ಉಳಿದವರೆಲ್ಲ’ ಎಂಬ ಗುಂಪು ಒಡೆಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಕರಬೂಜದ ಹಣ್ಣಿನಿಂದ ಇದೇ ಬ್ಯಾಕ್ಟೀರಿಯಾ ಹಬ್ಬಿ 33 ಮಂದಿ ಸತ್ತಾಗ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೀರಾಯ್ಡ್ ಮಾತ್ರೆ ನುಂಗುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಇವರೆಲ್ಲ ಲಿಸ್ಟೀರಿಯಾದ ಕಣ್ಣಿಗೆ ಬಸುರಿಯರ ಸಾಲಿನವರೇ. ಸೊಸೆಯ ತಟ್ಟೆಯ ಮೇಲೆ ಮನೆಯವರೆಲ್ಲರ ಕಣ್ಣು. ವಾರದ ಹಿಂದಿನ ಫ್ರಿಜ್ಜಿನ ಪನೀರ್ ಬಿಸಿ ಮಾಡದೆ ತಿನ್ನುವ ಎಪ್ಪತ್ತರ ಮಾವನನ್ನು ಯಾರೂ ತಡೆಯುವುದಿಲ್ಲ.

ಈ ಪಟ್ಟಿ ಹುಟ್ಟಿದ್ದು ತಣ್ಣಗೆ ತಿನ್ನುವವರ ನಾಡಿನಲ್ಲಿ ಎಂಬುದನ್ನೂ ನೆನಪಿಡಬೇಕು. ನಮ್ಮ ಸಾರು, ಪಲ್ಯ, ಮುದ್ದೆ ಕುದಿದೋ ಬೆಂದೋ ಒಲೆಯಿಂದ ನೇರ ತಟ್ಟೆಗೆ ಬರುತ್ತವೆ. ಹಾಲನ್ನಂತೂ, ಪಾಶ್ಚರೀಕರಿಸಿದ ನಂದಿನಿ ಪ್ಯಾಕೆಟ್ಟನ್ನೂ ಸೇರಿಸಿ, ಉಕ್ಕಿಸದೆ ಕುಡಿಯುವವರು ಕಡಿಮೆ. ಊರ ಹಸುವಿನ ಹಸಿಹಾಲಿನಿಂದ ಬರುವ ಬ್ರೂಸೆಲ್ಲಾ ಸೋಂಕು, ದನಗಳಲ್ಲಿ ಕಂದು ಹಾಕಿಸುವ ಅದೇ ರೋಗ, ಮನುಷ್ಯರಲ್ಲಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ಹಾಲು ಕಾಯಿಸುವ ಪದ್ಧತಿ ಬಸುರಿ, ಮುದುಕ, ಮಗು ಎಂಬ ಭೇದವಿಲ್ಲದೆ ಇಡೀ ಮನೆಯನ್ನು ಕಾಯುತ್ತ ಬಂದಿದೆ. ಚೀಸಿನ ಎಚ್ಚರಿಕೆ ನಮ್ಮ ಅಡುಗೆಮನೆಯಲ್ಲಿ ಆಗಲೇ ಮುಕ್ಕಾಲು ಪಾಲು ಪಾಲನೆಯಾಗುತ್ತಿದೆ. ಉಳಿದ ಕಾಲು ಪಾಲು ಫ್ರಿಜ್ಜಿನ ಜೊತೆ ಬಂದದ್ದು.

ಹಸಿ ಮೊಳಕೆಕಾಳಿನ ವಿಷಯ ಬೇರೆ. ಇದು ಬಸುರಿಯರ ಪಟ್ಟಿಯಲ್ಲಿದೆ, ಎಲ್ಲರ ಪಟ್ಟಿಯಲ್ಲೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಬ್ಯಾಕ್ಟೀರಿಯಾಕ್ಕೆ ಬೇಕಾದ ಬಿಸುಪು, ತೇವ ಎರಡನ್ನೂ ನಾವೇ ಒದಗಿಸಿ ಎರಡು ದಿನ ಬಟ್ಟೆಯಲ್ಲಿ ಕಟ್ಟಿಡುತ್ತೇವೆ. 2011ರಲ್ಲಿ ಜರ್ಮನಿಯಲ್ಲಿ ಈ. ಕೋಲಿ ಬ್ಯಾಕ್ಟೀರಿಯಾದ ಒಂದು ಉಗ್ರ ತಳಿ ಹಬ್ಬಿ 3,800ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು, ನೂರಾರು ಮಂದಿಗೆ ಮೂತ್ರಪಿಂಡ ಕೆಟ್ಟಿತು. ಮೊದಲು ಸೌತೆಕಾಯಿಯನ್ನು ದೂರಿದರು. ಕೊನೆಗೆ ಸಿಕ್ಕಿಬಿದ್ದದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದ ಮೊಳಕೆ. ಹೆಚ್ಚಾಗಿ ಕಾಯಿಲೆ ಬಿದ್ದವರು ಆರೋಗ್ಯವಂತ ನಡುವಯಸ್ಸಿನ ಹೆಂಗಸರು, ಸಲಾಡ್ ಒಳ್ಳೆಯದೆಂದು ತಿಂದವರು. ಮೊಳಕೆ ಬಿಡಬೇಕಿಲ್ಲ, ಒಂದು ಕುದಿ ಬೇಯಿಸಿ ಉಸಲಿ ಮಾಡಿದರೆ ತೀರಿತು. ನೆನೆಸಿದ ಹೆಸರುಬೇಳೆಯ ಕೋಸಂಬರಿ ಇದರ ಮುಂದೆ ಪಾಪದ್ದು, ನೆನೆಸುವುದು ಗಂಟೆ ಲೆಕ್ಕದಲ್ಲಿ.

ಮೊಟ್ಟೆಯ ಕಥೆಯಲ್ಲಿ ಒಂದು ತಿರುವಿದೆ. ಬ್ರಿಟನ್ನಿನಲ್ಲಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆಯೆಂದು 1988ರಲ್ಲಿ ಎದ್ದ ಗಲಾಟೆಯ ನಂತರ ಬಸುರಿಯರಿಗೆ ಅರೆಬೆಂದ ಮೊಟ್ಟೆ ನಿಷಿದ್ಧವಾಯಿತು. ಅಲ್ಲಿನವರು ಬಸುರಿಯರನ್ನು ಹೆದರಿಸಿ ಸುಮ್ಮನಾಗಲಿಲ್ಲ. ಕೋಳಿಗಳಿಗೆ ಲಸಿಕೆ ಹಾಕಿಸಿದರು, ಅಂಥ ಕೋಳಿಗಳ ಮೊಟ್ಟೆಗೆ ಗುರುತಾಗಿ ಸಿಂಹಮುದ್ರೆ ಒತ್ತಿದರು. 2017ರಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಸಿಂಹಮುದ್ರೆಯ ಮೊಟ್ಟೆಯನ್ನು ಬಸುರಿಯರೂ ಅರೆಬೇಯಿಸಿ ತಿನ್ನಬಹುದು ಎಂದು ನಿಯಮ ಸಡಿಲಿಸಿತು. ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಹಸಿಮೊಟ್ಟೆಯ ಮಯೋನೈಸ್ ತಿಂದು ಜನ ಆಸ್ಪತ್ರೆ ಸೇರಿದ ಮೇಲೆ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ನಿಷೇಧಿಸಿದವು. ಬಸುರಿಯರ ಪಥ್ಯವೊಂದು ಸರ್ಕಾರಿ ಆದೇಶವಾಗಿ ಎಲ್ಲರಿಗೂ ಜಾರಿಯಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ನಮ್ಮ ಊರ ಮೊಟ್ಟೆಯ ಮೇಲೆ ಅಂಥ ಮುದ್ರೆ ಇಲ್ಲದಿರುವವರೆಗೆ ಹಾಫ್ ಬಾಯಿಲ್ ಪ್ರಿಯರು ಕೋಳಿಯ ಭಾಗ್ಯವನ್ನು ನಂಬಿಕೊಂಡಿದ್ದಾರೆ ಎನ್ನಬೇಕು.

ನೀರಿನ ಬಗ್ಗೆ ಹೆಚ್ಚು ವಾದ ಬೇಡ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯಿಂದ ನೀರೆತ್ತುವ ಜಾಗಕ್ಕೆ ಚರಂಡಿ ನೀರು ಹಿಮ್ಮುಖವಾಗಿ ನುಗ್ಗಿ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ತಿಳಿದದ್ದು ದಶಕಗಳ ನಂತರ. ಉಳಿದವರು ಮಲಗಿ ಎದ್ದರೆ, ಕೊನೆಯ ಮೂರು ತಿಂಗಳಲ್ಲಿರುವ ಬಸುರಿಯರಲ್ಲಿ ಈ ಸೋಂಕು ನೂರಕ್ಕೆ ಇಪ್ಪತ್ತರವರೆಗೂ ಜೀವ ತೆಗೆಯಬಲ್ಲದು. ಬಸುರಿಗಷ್ಟೇ ಕುದಿಸಿದ ನೀರು, ಉಳಿದವರಿಗೆ ನಲ್ಲಿ ನೀರು ಎಂಬ ಏರ್ಪಾಡು ಒಂದು ಮನೆಯಲ್ಲಿ ನಡೆಯುವಂಥದ್ದೂ ಅಲ್ಲ.

ಬ್ಯಾಕ್ಟೀರಿಯಾ, ವೈರಸ್ಸುಗಳ ಕೇಡು ಬಂದು ಹೋಗುವಂಥದ್ದು. ಮೈಯಲ್ಲಿ ಕೂಡಿಟ್ಟುಕೊಳ್ಳುವ ಕೇಡಿನ ಲೆಕ್ಕಾಚಾರವೇ ಬೇರೆ. ಪಾದರಸದಿಂದ ಶುರುಮಾಡೋಣ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ಮೈ ಸೇರಿದ್ದು 1956ರಲ್ಲಿ ಬೆಳಕಿಗೆ ಬಂತು. ಹೆಚ್ಚು ಲಕ್ಷಣಗಳೇ ಇಲ್ಲದ ತಾಯಂದಿರು ತೀವ್ರವಾಗಿ ಮಿದುಳು ಹಾನಿಗೊಂಡ ಮಕ್ಕಳನ್ನು ಹೆತ್ತರು. ಗರ್ಭ ಎಲ್ಲ ವಿಷಗಳಿಂದಲೂ ಕೂಸನ್ನು ಕಾಯುತ್ತದೆ ಎಂಬ ವೈದ್ಯರ ನಂಬಿಕೆ ಅಲ್ಲಿ ಮುರಿದುಬಿತ್ತು. ಮೀನಿನ ಎಚ್ಚರಿಕೆಯ ಬೇರು ಇದು. ಅಮೆರಿಕ 2001ರಲ್ಲಿ ಬಸುರಿಯರು ಶಾರ್ಕ್, ಸ್ವಾರ್ಡ್‌ಫಿಶ್, ಕಿಂಗ್ ಮ್ಯಾಕೆರೆಲ್ ಬಿಡಬೇಕು ಎಂದು ಸಾರಿತು. ದೊಡ್ಡ ಮೀನು ಸಣ್ಣದನ್ನು ತಿನ್ನುತ್ತ ಹೋದಂತೆ ಪಾದರಸ ಅದರ ಮೈಯಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ದೊಡ್ಡದು, ಬಹುಕಾಲ ಬದುಕುವುದು ಹೆಚ್ಚು ಅಪಾಯ.

ಜನ ಕೇಳಿಸಿಕೊಂಡದ್ದು ಮಾತ್ರ ‘ಮೀನು ಬೇಡ’ ಎಂದು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಹನ್ನೊಂದು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಹಿಂಬಾಲಿಸಿದ ಅಧ್ಯಯನ 2007ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ವಾರಕ್ಕೆ 340 ಗ್ರಾಂಗಿಂತ ಕಡಿಮೆ ಮೀನು ತಿಂದ ತಾಯಂದಿರ ಮಕ್ಕಳೇ ಮಾತಿನ ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಎಚ್ಚರಿಕೆ ಅತಿಯಾದರೆ ಕಾಯಬೇಕಾದ ಮಗುವಿಗೇ ನಷ್ಟ. ಬಸುರಿಗೇ ಇಷ್ಟಾದರೆ ಉಳಿದವರು ಈ ‘ಬೇಡ’ವನ್ನು ಹೊತ್ತುಕೊಳ್ಳುವುದರಲ್ಲಿ ಯಾವ ಅರ್ಥವೂ ಇಲ್ಲ. ನಮ್ಮ ಕರಾವಳಿಯ ಬಂಗುಡೆ, ಭೂತಾಯಿ ಸಣ್ಣ ಮೀನುಗಳು, ಬೇಗ ಬೆಳೆದು ಬೇಗ ಮುಗಿಯುವಂಥವು. ಬಸುರಿಯೂ ಮನೆಮಂದಿಯೂ ನೆಮ್ಮದಿಯಾಗಿ ತಿನ್ನಬಹುದು. ಅಮೆರಿಕದ ಪಟ್ಟಿಯ ಕಿಂಗ್ ಮ್ಯಾಕೆರೆಲ್ ಬಂಗುಡೆಯಲ್ಲ, ಅಂಜಲಿನ ಹತ್ತಿರದ ನೆಂಟ. ಆದ್ದರಿಂದ ಬಸುರಿಯರು ದೊಡ್ಡ ಅಂಜಲನ್ನು ಅಪರೂಪಕ್ಕೆ ಇಟ್ಟುಕೊಂಡರೆ ಒಳ್ಳೆಯದು. ಐವತ್ತರ ಗಂಡಸು ಅಂಜಲ್ ಫ್ರೈ ಕಂಡು ಬೆವರಬೇಕಿಲ್ಲ. ತಮಿಳುನಾಡಿನ ಕರಾವಳಿಯಲ್ಲಿ ಬಾಣಂತಿಗೆ ಹಾಲು ಹೆಚ್ಚಲೆಂದು ಶಾರ್ಕ್ ಮರಿಯ ಪುಟ್ಟು ಕೊಡುವ ಪದ್ಧತಿಯಿದೆ. ಮರಿಗಳಲ್ಲಿ ದೊಡ್ಡ ಶಾರ್ಕಿನಷ್ಟು ಪಾದರಸ ಇರುವುದಿಲ್ಲ ಎಂಬುದು ಅಲ್ಲಿನ ಅಜ್ಜಿಯರಿಗೆ ಅನುಕೂಲವಾದ ಸಂಗತಿ.

ಪಾದರಸಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸೀಸ. ಯಾವ ಪಟ್ಟಿಯಲ್ಲೂ ಅದರ ಹೆಸರು ಕಾಣುವುದಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಸುರಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದು ಕಂಡಾಗ ಸಂಶೋಧಕರು ಮಣ್ಣು, ಬಣ್ಣ, ಡಬ್ಬಿ ಎಲ್ಲವನ್ನೂ ತಡಕಿ ಕೊನೆಗೆ ಅರಿಸಿನಕ್ಕೆ ಬಂದು ನಿಂತರು. ಪ್ರವಾಹದಲ್ಲಿ ಬಣ್ಣ ಮಾಸಿದ ಕೊಂಬುಗಳಿಗೆ ಹೊಳಪು ಕೊಡಲು 1980ರ ದಶಕದಲ್ಲಿ ಶುರುವಾದ ಸೀಸದ ಕ್ರೋಮೇಟ್ ಹಚ್ಚುವ ಚಾಳಿ ವ್ಯಾಪಾರದ ಪದ್ಧತಿಯೇ ಆಗಿಬಿಟ್ಟಿತ್ತು. 2019ರಲ್ಲಿ ಇದು ಪ್ರಕಟವಾಗಿ ಸರ್ಕಾರ ಮಾರುಕಟ್ಟೆಗೆ ಇಳಿದು ದಂಡ ಹಾಕಿತು. ಆ ವರ್ಷ ಪರೀಕ್ಷಿಸಿದ ಅರಿಸಿನದಲ್ಲಿ ನೂರಕ್ಕೆ 47 ಮಾದರಿಗಳಲ್ಲಿ ಇದ್ದ ಸೀಸ ಎರಡು ವರ್ಷದಲ್ಲಿ ಸೊನ್ನೆಗೆ ಇಳಿಯಿತು. ಬಸುರಿಯರ ರಕ್ತ ಪರೀಕ್ಷೆ ಇಡೀ ದೇಶದ ಅಡುಗೆಮನೆಯನ್ನು ಶುದ್ಧಮಾಡಿತು. ನಮ್ಮ ದೇಶದಲ್ಲಿ ಈ ಚಾಳಿ ತೀರಿಲ್ಲ, 2024ರ ಒಂದು ಅಧ್ಯಯನಕ್ಕೆ ಪಟ್ನಾದಲ್ಲಿ ಇಂಥ ಅರಿಸಿನ ಸಿಕ್ಕಿದೆ.

ಸೀಸದ ಇನ್ನೊಂದು ಗುಣ ನಮ್ಮ ಪ್ರಶ್ನೆಯನ್ನೇ ತಲೆಕೆಳಗು ಮಾಡುತ್ತದೆ. ಅದು ಮೂಳೆಯಲ್ಲಿ ಸುಣ್ಣದ ಜಾಗದಲ್ಲಿ ಕೂತು ದಶಕಗಟ್ಟಲೆ ಉಳಿಯುತ್ತದೆ. ಬಸಿರಿನಲ್ಲಿ ಕೂಸಿನ ಎಲುಬಿಗಾಗಿ ತಾಯಿಯ ಮೂಳೆ ಸುಣ್ಣ ಬಿಟ್ಟುಕೊಡುವಾಗ ಸೀಸವೂ ಜೊತೆಗೆ ರಕ್ತಕ್ಕೆ ಬರುತ್ತದೆ. ಹತ್ತು ವರ್ಷದ ಹುಡುಗಿ ತಿಂದ ಅರಿಸಿನ ಇಪ್ಪತ್ತೈದರಲ್ಲಿ ಅವಳ ಮಗುವನ್ನು ಮುಟ್ಟಬಹುದು. ಒಂಬತ್ತು ತಿಂಗಳ ಪಥ್ಯದಿಂದ ಇದಕ್ಕೆ ಪ್ರಯೋಜನವಿಲ್ಲ. ಕೊಂಬು ತಂದು ಗಿರಣಿಯಲ್ಲಿ ಬೀಸಿಸುವುದೋ, ನಂಬಿಕೆಯ ಕಡೆ ಕೊಳ್ಳುವುದೋ, ಮನೆಯವರೆಲ್ಲ ಯಾವಾಗಲೂ ಮಾಡಬೇಕಾದ ಕೆಲಸ. ತೀರಾ ಮಿಂಚುವ ಹಳದಿಯ ಕೊಂಬು ಕಂಡರೆ ಆಸೆಪಡುವ ಬದಲು ಅನುಮಾನ ಪಡಿ.

ಮದ್ಯದ ಮಾತು ಬೇಗ ಮುಗಿಯುತ್ತದೆ. ಕುಡಿದ ತಾಯಂದಿರ ಮಕ್ಕಳಲ್ಲಿ ಕಾಣುವ ವಿಕಾರಗಳಿಗೆ ಸಿಯಾಟಲ್‌ನ ವೈದ್ಯರು ಹೆಸರು ಕೊಟ್ಟದ್ದು 1973ರಲ್ಲಿ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಯಾರಿಗೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಬಸುರಿಗೆ ಪೂರ್ತಿ ನಿಷಿದ್ಧ. ಉಳಿದವರಿಗೂ ಕುಡಿದಷ್ಟೂ ಕೇಡು, ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ. ಕಾಫಿ ಹಾಗಲ್ಲ. ಬಸಿರಿನಲ್ಲಿ ಯಕೃತ್ತು ಕೆಫೀನನ್ನು ಕರಗಿಸಲು ಎರಡು ಮೂರು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ, ಕೂಸಿಗಂತೂ ಕರಗಿಸುವ ಶಕ್ತಿಯೇ ಇಲ್ಲ. ಅದಕ್ಕೇ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಸುರಿಗೆ ದಿನಕ್ಕೆ 200 ಮಿಲಿಗ್ರಾಂ, ಉಳಿದ ದೊಡ್ಡವರಿಗೆ 400 ಎಂದು ಬೇರೆ ಬೇರೆ ಮಿತಿ ಹಾಕಿತು. ಗಟ್ಟಿ ಡಿಕಾಕ್ಷನ್ನಿನ ಲೋಟದ ಮುಂದೆ ಕೂತ ಮೈಸೂರಿನ ಹಿರಿಯರು ಸೊಸೆಯ ಮಿತಿಯನ್ನು ತಮ್ಮ ಮೇಲೆ ಹೇರಿಕೊಳ್ಳಬೇಕಿಲ್ಲ. ಲಿವರ್ ಕೂಡ ಹಾಗೆಯೇ. ಅದರಲ್ಲಿ ತುಂಬಿರುವ ಎ ಜೀವಸತ್ವ ಮೊದಲ ವಾರಗಳ ಭ್ರೂಣಕ್ಕೆ ಹಾನಿ ಮಾಡಬಹುದು. ರಕ್ತ ಕಡಿಮೆಯಿರುವ, ಬಸುರಿಯಲ್ಲದ ಸೊರಗಿದ ಹೆಂಗಸಿಗೆ ಅದೇ ಲಿವರ್ ಅಗ್ಗದ ಔಷಧಿ.

ಇನ್ನು ಮನೆಯ ಹಿರಿಯರ ಪಟ್ಟಿ. ಪರಂಗಿಯ ಬಗ್ಗೆ ಸಿಂಗಪುರದ ಸಂಶೋಧಕರು 2002ರಲ್ಲಿ ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಕಾಯಿಯ ಹಾಲಿನಂಥ ಸೊನೆ ಗರ್ಭಕೋಶವನ್ನು ಹಿಂಡಿತು, ಕಳಿತ ಹಣ್ಣು ಏನೂ ಮಾಡಲಿಲ್ಲ. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದು ಕಾಯಿಗೆ ಸೇರಿದ್ದು. ಎಳ್ಳನ್ನು ಬಿಡಿಸುವುದಂತೂ ಸುಣ್ಣ, ಕಬ್ಬಿಣ ಎರಡನ್ನೂ ತಟ್ಟೆಯಿಂದ ಎತ್ತಿಡುವುದು. ಆದರೆ ಈ ಪಟ್ಟಿಯ ನಿಜವಾದ ಅಪಾಯ ಯಾವ ಹಣ್ಣಿನಲ್ಲೂ ಇಲ್ಲ. ‘ಹೆಚ್ಚು ತಿಂದರೆ ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತೆ’ ಎಂದು ತುತ್ತು ಕಡಿಮೆ ಮಾಡಿಸುವ ಮಾತಿನಲ್ಲಿದೆ. ಬಸಿರಿನಲ್ಲಿ ದಿನಕ್ಕೆ 350 ಕಿಲೋಕ್ಯಾಲರಿ ಹೆಚ್ಚು ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ತುತ್ತು ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಕಡತ ಹಿಡಿದು ದೊಡ್ಡವರಾದ ಅವರನ್ನು ಹುಡುಕಿದಾಗ, ಸಣ್ಣಗೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ಗೊತ್ತಾಯಿತು. ನಮ್ಮ ರಾಜ್ಯ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆಯಡಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡಲು ಶುರುಮಾಡಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ‘ಬೇಡ’ಗಳ ನಡುವೆ ಅದೊಂದು ‘ಉಣ್ಣು’.

ಎಚ್ಚರಿಕೆ ತಪ್ಪಬಹುದು ಎಂಬುದಕ್ಕೆ ಕಡಲೆಕಾಯಿಯೂ ಸಾಕ್ಷಿ. ಅಲರ್ಜಿಯ ಮನೆತನದ ಬಸುರಿಯರು ಅದನ್ನು ಬಿಡುವುದು ಒಳ್ಳೆಯದು ಎಂದು ಬ್ರಿಟನ್ 1998ರಲ್ಲಿ ಹೇಳಿ 2009ರಲ್ಲಿ ವಾಪಸು ಪಡೆಯಿತು. 2015ರ ಪ್ರಯೋಗವೊಂದರಲ್ಲಿ ಎಳೆಯ ವಯಸ್ಸಿನಿಂದಲೇ ಕಡಲೆಕಾಯಿ ತಿಂದ ಮಕ್ಕಳಲ್ಲಿ ಅಲರ್ಜಿ ನೂರಕ್ಕೆ ಎಂಬತ್ತರಷ್ಟು ಕಡಿಮೆಯಾಗಿತ್ತು. ಮನೆಯಲ್ಲೆಲ್ಲ ಶೇಂಗಾ ಚಟ್ನಿ ನಿಲ್ಲಿಸಿದ್ದಿದ್ದರೆ ಲಾಭವಾಗುತ್ತಿದ್ದುದು ಅಲರ್ಜಿಗೆ.

ಎಲ್ಲರಿಗೂ ಹಬ್ಬಿಸಬೇಕಾದದ್ದು ಏನಾದರೂ ಇದ್ದರೆ ಅದು ಪಟ್ಟಿಯ ಬೇಕುಗಳು. ಕೂಸಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನದೊಳಗೆ. ಮುಟ್ಟು ನಿಂತಿತೇ ಎಂದು ಅವಳು ಲೆಕ್ಕ ಹಾಕುತ್ತಿರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಫೋಲಿಕ್ ಆಮ್ಲ ಮೊದಲೇ ಸಿಕ್ಕಿದರೆ, ಈ ಕೊಳವೆ ಸರಿಯಾಗಿ ಮುಚ್ಚದ ದೋಷ ಮರುಕಳಿಸುವುದನ್ನು ನೂರಕ್ಕೆ 72ರಷ್ಟು ತಡೆಯಬಹುದು ಎಂದು ಏಳು ದೇಶಗಳ ಪ್ರಯೋಗ 1991ರಲ್ಲಿ ತೋರಿಸಿತು. ಬಸುರಿಯರನ್ನು ಕಾಯುತ್ತ ಕೂತರೆ ಆಗದು ಎಂದು ಅಮೆರಿಕ 1998ರಿಂದ ಎಲ್ಲರೂ ತಿನ್ನುವ ಹಿಟ್ಟಿಗೇ ಅದನ್ನು ಬೆರೆಸಿತು. ನಮ್ಮಲ್ಲಿ ಪಡಿತರದ ಮೂಲಕ ಹಂಚಿದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಬಿ12ರ ಜೊತೆ ಫೋಲಿಕ್ ಆಮ್ಲವೂ ಇತ್ತು. ಆ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆದ ಮನೆಗಳೂ ಇದ್ದವು. ರಕ್ತಹೀನತೆಯ ಲೆಕ್ಕವೂ ಇದನ್ನೇ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು, ಹದಿನೈದರಿಂದ ನಲವತ್ತೊಂಬತ್ತರ ಎಲ್ಲ ಹೆಂಗಸರಲ್ಲಿ 57, ಗಂಡಸರಲ್ಲಿ 25. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನ ಜೊತೆ ಕೊಡುವ ಕೆಂಪು ಮಾತ್ರೆ ಬರುವ ಹೊತ್ತಿಗೆ ಅವಳು ಬಹಳ ವರ್ಷಗಳಿಂದ ರಕ್ತಹೀನಳು.

ಮನೆಯಲ್ಲಿ ಮದುವೆಯಾದ ಮಗಳೋ ಸೊಸೆಯೋ ಮಗುವಿನ ಯೋಚನೆಯಲ್ಲಿದ್ದರೆ ಪರಂಗಿ ಹಣ್ಣಿನ ಚರ್ಚೆ ಬಿಡಿ. ವೈದ್ಯರನ್ನು ಕೇಳಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಈ ತಿಂಗಳೇ ಶುರುಮಾಡಿಸಿ. ಮೂರನೆಯ ತಿಂಗಳ ತಪಾಸಣೆಗೆ ಹೋದಾಗ ಬರೆದುಕೊಡುವ ಮಾತ್ರೆ ಬೆನ್ನುಹುರಿಯ ಕೊಳವೆಯ ಪಾಲಿಗೆ ತಡವಾಗಿರುತ್ತದೆ.